ಬೂದಿ ತುಳಿದು ಓಡಿದವಳು

ಕುಮುಷಾಯ್ ನನ್ನ ಓರಗಿತ್ತಿ. ನಾನು ಹಿರಿಯ ಮಗನ ಹೆಂಡತಿ, ಅವಳು ಕಿರಿಯ ಮಗನ ಹೆಂಡತಿ. ನಮ್ಮಿಬ್ಬರ ಅಂಗಳದ ನಡುವೆ ಒಂದು ಬೇಲಿ, ಬೇಲಿಯಲ್ಲೊಂದು ಕಿಂಡಿ. ಆ ಕಿಂಡಿಯಿಂದ ಹಿಟ್ಟೂ ಹೋಗಿ ಬಂದಿದೆ, ಜಗಳವೂ ಹೋಗಿ ಬಂದಿದೆ. ಹಾಗಾಗಿ ಅವಳ ವಿಷಯ ಬರೆಯುವುದಕ್ಕೆ ನನಗಿಂತ ಯೋಗ್ಯರು ಈ ಊರಿನಲ್ಲಿಲ್ಲ. ಬೇರೆಯವರ ಕೈಗೆ ಕೊಟ್ಟರೆ 'ಹುಚ್ಚಿ' ಎಂದು ಒಂದೇ ಮಾತು ಬರೆದು ಎದ್ದು ಹೋಗುತ್ತಾರೆ.

ಅವಳು ಈ ಮನೆಗೆ ಸೊಸೆಯಾಗಿ ಬಂದಾಗ ನಾನು ಬಂದು ಹತ್ತು ವರ್ಷ ಆಗಿತ್ತು. ಮೇಲಿನ ಕಣಿವೆಯ ಕುರಿಗಾಹಿಗಳ ಮಗಳು. ಬಂದ ಮೊದಲ ವಾರವೇ ಕರುವೊಂದು ಹಗ್ಗ ಬಿಚ್ಚಿಕೊಂಡು ಹೋಯಿತು. ಇವಳು ತಲೆಯ ವಸ್ತ್ರ ಹಾರಿಹೋಗುವಂತೆ ಓಡಿ ಹಿಡಿದು ತಂದಳು. ನಮ್ಮ ಅತ್ತೆಗೆ ಊರವರ ಮುಂದೆ ಮುಖ ತೋರಿಸಲಾಗಲಿಲ್ಲ. ಸೊಸೆಯಾದವಳು ತಲೆ ತಗ್ಗಿಸಿ, ಹಿರಿಯರಿಗೆ ಬೆನ್ನು ತೋರಿಸದೆ, ಮೆಲ್ಲಗೆ ನಡೆಯಬೇಕು. ಓಡುವುದು ಕುದುರೆಯ ಕೆಲಸ. ಅವತ್ತು ಬೈಸಿಕೊಂಡ ಕುಮುಷಾಯ್ ಆಮೇಲೆ ಓಡಲಿಲ್ಲ. ಹಾಲು ಕರೆದಳು, ನೀರು ಹೊತ್ತಳು, ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತಳು. ನಮ್ಮಲ್ಲಿ ಅಪ್ಪ ಅಮ್ಮ ಇರುವುದು ಕಿರಿಯ ಮಗನ ಮನೆಯಲ್ಲೇ, ಆದ್ದರಿಂದ ಮಾವನ ಕೊನೆಯ ಕಾಯಿಲೆಯೂ ಅವಳ ಪಾಲಿಗೆ, ಅತ್ತೆಯ ಮುದಿತನವೂ ಅವಳ ಪಾಲಿಗೆ. ನಾನು ಬೇಲಿಯ ಈಚೆ ಆರಾಮಾಗಿದ್ದೆ, ಅದರಲ್ಲೇನು ಮುಚ್ಚುಮರೆ.

ಕಿರಿ ಮಗಳ ಮದುವೆ ಮುಗಿದು, ಬೀಗರ ಕಾರುಗಳು ಹೋದ ಮಾರನೆಯ ಬೆಳಿಗ್ಗೆ ನಾನು ಹಸು ಕರೆಯುತ್ತಿದ್ದೆ. ಬೇಲಿಯಾಚೆ ಯಾರೋ ದಡದಡ ಓಡಿದರು. ನೋಡಿದರೆ ಕುಮುಷಾಯ್. ನಮ್ಮೂರಿನಲ್ಲಿ ಮೂರು ಕಾರಣಕ್ಕೆ ಮಾತ್ರ ಜನ ಓಡುತ್ತಾರೆ: ತೋಳ ಬಂದಿರಬೇಕು, ಬೆಂಕಿ ಬಿದ್ದಿರಬೇಕು, ಇಲ್ಲ ಯಾರೋ ಸತ್ತಿರಬೇಕು. ನಾನು ಹಾಲಿನ ಬಕೆಟ್ಟನ್ನು ಹಸುವಿನ ಕಾಲಡಿಯೇ ಬಿಟ್ಟು ಓಡಿದೆ.

"ಏನಾಯ್ತೇ? ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ, ಎಜೆ." ನಮ್ಮಲ್ಲಿ ಅಕ್ಕನನ್ನು ಎಜೆ ಅನ್ನುತ್ತಾರೆ. "ಸುಮ್ನೆ ಓಡ್ತಿದ್ದೀನಿ."

"ಎಲ್ಲಿಗೆ?"

"ಸೇತುವೆಗೆ."

"ಸೇತುವೆ ಹತ್ರ ಏನಿದೆ?"

"ಏನೂ ಇಲ್ಲ."

"ಮತ್ತೆ?"

"ಮತ್ತೆ ವಾಪಸ್ ಬರ್ತೀನಿ."

ಹಸು ಬಕೆಟ್ಟನ್ನು ಒದ್ದು ಕೆಡವಿತ್ತು. ಆ ಹಾಲಿನ ಸಿಟ್ಟು ನನಗೆ ಒಂದು ವಾರ ಇತ್ತು. ಅವಳು ಮಾತ್ರ ಮಾರನೆಯ ದಿನವೂ ಓಡಿದಳು, ಅದರ ಮಾರನೆಯ ದಿನವೂ. ಬೇಸಿಗೆ ಕಳೆಯಿತು, ಪೋಪ್ಲರ್ ಮರದ ಎಲೆ ಉದುರಿತು, ಅವಳು ನಿಲ್ಲಿಸಲಿಲ್ಲ. ಮೊದಮೊದಲು ನಾಯಿಗಳು ಬೆನ್ನು ಹತ್ತುತ್ತಿದ್ದವು. ಆಮೇಲೆ ನಾಯಿಗಳಿಗೆ ಅಭ್ಯಾಸವಾಯಿತು, ಜನಕ್ಕೆ ಆಗಲಿಲ್ಲ. ನಲವತ್ತಾರು ವರ್ಷದ ಹೆಂಗಸು, ನಾಳೆ ಮೊಮ್ಮಕ್ಕಳನ್ನು ಎತ್ತಿಕೊಳ್ಳಬೇಕಾದವಳು, ಗಂಡಸರ ಉಣ್ಣೆ ಪ್ಯಾಂಟು ತೊಟ್ಟು ಬೀದಿಯಲ್ಲಿ ಓಡುವುದೆಂದರೆ!

"ನಿನ್ ಗಂಡ ಏನೂ ಅನ್ನಲ್ವಾ?" ಎಂದು ಪಕ್ಕದ ಮನೆಯ ಕಲಿಪಾ ಕೇಳಿದಳು. ಕಲಿಪಾಗೆ ಊರಿನ ಎಲ್ಲರ ಗಂಡಂದಿರ ಚಿಂತೆ.

"ಅಂತಾನೆ. ಬಾಗಿಲು ಹಾಕ್ಕೊಂಡು ಹೋಗು, ಚಳಿ ಬರುತ್ತೆ ಅಂತಾನೆ," ಎಂದಳು ಕುಮುಷಾಯ್.

ಅವಳ ಗಂಡ ಎಸೆನ್ ಹಾಗೇ. ಕುದುರೆಗೆ ಲಾಳ ಕಟ್ಟುವವನು, ಕುದುರೆ ಜೊತೆ ಮಾತಾಡಿದಷ್ಟು ಮನುಷ್ಯರ ಜೊತೆ ಮಾತಾಡುವುದಿಲ್ಲ. ಮನೆಯ ಮಾತೆಲ್ಲ ನಮ್ಮವರದು. ನಮ್ಮವರ ಹೆಸರು ಜುಮಾದಿಲ್. ಹೆಂಡತಿ ಬಾಯಿಬಿಟ್ಟು ಹೇಳಬಾರದು, ಬರೆಯಬಾರದು ಅಂತ ಯಾರೂ ಹೇಳಿಲ್ಲ. ಹಿರಿಯ ಮಗ. ಹಬ್ಬದ ಮಾಂಸದಲ್ಲಿ ತಲೆಯ ಪಾಲು ಅವರಿಗೆ, ಮನೆಯ ಯಾವ ತಂಟೆಗೂ ಕೊನೆಯ ಮಾತು ಅವರದು. ಅವರ ಅಪ್ಪ ತೀರಿಹೋದ ದಿನದಿಂದ 'ನಾನು ಈ ಮನೆಗೆ ದೊಡ್ಡವನು' ಅನ್ನುವ ಮಾತನ್ನು ಚಹಾಕ್ಕೆ ಸಕ್ಕರೆ ಹಾಕಿಕೊಂಡಷ್ಟು ಸಲೀಸಾಗಿ ಆಡುತ್ತಾ ಬಂದಿದ್ದಾರೆ. ಕೆಟ್ಟವರಲ್ಲ. ದೊಡ್ಡವರು, ಅಷ್ಟೇ.

ನವೆಂಬರಿನಲ್ಲಿ ನೆಲ ಕಲ್ಲಾಯಿತು. ಡಿಸೆಂಬರಿನಲ್ಲಿ ನದಿಯ ಅಂಚು ಹೆಪ್ಪುಗಟ್ಟಿತು. ನಮ್ಮ ಚಳಿಯಲ್ಲಿ ನಡೆಯುವುದೇ ಒಂದು ಸಾಹಸ, ಇನ್ನು ಓಡುವುದು. ಬಾಯಿ ತೆರೆದು ಉಸಿರೆಳೆದರೆ ಎದೆಯೊಳಗೆ ಬ್ಲೇಡು ಆಡಿಸಿದಂತಾಗುತ್ತದೆ. ಬೆವರಿ ನಿಂತರೆ ಆ ಬೆವರೇ ಬೆನ್ನ ಮೇಲೆ ಹೆಪ್ಪುಗಟ್ಟುತ್ತದೆ. ರೆಪ್ಪೆಗೆ ಹಿಮ ಅಂಟಿ ಕಣ್ಣು ಮುಚ್ಚಿಹೋಗುತ್ತದೆ. ಹೊಸ ಹಿಮ ಮೇಲೆ ಮೆತ್ತಗೆ ಕೂತಿರುತ್ತದೆ, ಅದರಡಿಗೆ ಹಳೆಯ ಮಂಜುಗಡ್ಡೆ ಇದೆಯೋ ಇಲ್ಲವೋ ದೇವರಿಗೇ ಗೊತ್ತು. ಕಲ್ಲಿದ್ದಲು ಲಾರಿಗಳು ಬ್ರೇಕು ಹಾಕಿದ ಮೇಲೂ ತಮ್ಮಿಷ್ಟ ಬಂದಷ್ಟು ದೂರ ಹೋಗಿ ನಿಲ್ಲುತ್ತವೆ. ಇದೆಲ್ಲ ಅವಳಿಗೆ ಗೊತ್ತಿಲ್ಲವೆಂದಲ್ಲ. ಮೂಗಿಗೆ ಉಣ್ಣೆ ಬಟ್ಟೆ ಸುತ್ತಿದಳು, ಕೆನ್ನೆಗೆ ಕುರಿಯ ಕೊಬ್ಬು ಸವರಿದಳು, ಓಡಿದಳು.

ಎಲ್ಲಕ್ಕಿಂತ ದೊಡ್ಡ ಶತ್ರು ನಲ್ಲಿಯ ಇಳಿಜಾರು. ನಮ್ಮ ಮನೆಗಳಿರುವುದು ಬೆಟ್ಟದ ಬುಡದಲ್ಲಿ, ದಾರಿ ಇರುವುದು ನದಿಯ ಪಕ್ಕ. ನಡುವೆ ಒಂದೇ ಇಳಿಜಾರು, ಅದರ ನಡುಮಧ್ಯೆ ಬೀದಿ ನಲ್ಲಿ. ಇಡೀ ಕೇರಿ ಅಲ್ಲಿಂದ ನೀರು ಹೊರುತ್ತದೆ. ಪ್ರತಿ ಬಕೆಟ್ಟಿನಿಂದ ಒಂದಿಷ್ಟು ತುಳುಕುತ್ತದೆ, ತುಳುಕಿದ್ದು ಹೆಪ್ಪುಗಟ್ಟುತ್ತದೆ, ಅದರ ಮೇಲೆ ಇನ್ನಷ್ಟು. ಜನವರಿ ಹೊತ್ತಿಗೆ ಅದು ಇಳಿಜಾರಲ್ಲ, ಕನ್ನಡಿ. ಪ್ರತಿ ವರ್ಷ ಅಲ್ಲಿ ಯಾರದ್ದೋ ಸೊಂಟ, ಯಾರದ್ದೋ ಹಲ್ಲು. ಪ್ರತಿ ವರ್ಷ ನಾವು 'ಅಯ್ಯೋ ಪಾಪ' ಅನ್ನುತ್ತೇವೆ, ಅವರಿಗೆ ಸೂಪು ಕೊಟ್ಟು ಬರುತ್ತೇವೆ, ಅದೇ ಇಳಿಜಾರಿನಲ್ಲಿ ನೀರು ತರಲು ಹೋಗುತ್ತೇವೆ. ನಮ್ಮ ಅತ್ತೆ ಬಾತ್ಮಾ ಅಪಾ ಮಾತ್ರ ಅಲ್ಲಿಗೆ ಕಾಲಿಟ್ಟು ಎಷ್ಟೋ ವರ್ಷವಾಗಿತ್ತು. ನಮ್ಮಲ್ಲಿ ಅಮ್ಮನನ್ನು ಅಪಾ ಅನ್ನುತ್ತಾರೆ. ಮಂಡಿನೋವು ಅಂದುಕೊಂಡಿದ್ದೆವು.

ಕುಮುಷಾಯ್ ಬಿದ್ದದ್ದೂ ಅಲ್ಲೇ. ಜನವರಿಯ ಒಂದು ಬೆಳಿಗ್ಗೆ, ಊರ ಹೆಂಗಸರೆಲ್ಲ ಬಕೆಟ್ಟು ಹಿಡಿದು ಸಾಲಾಗಿ ನಿಂತಿದ್ದಾಗ. ಕೈಯೂರಿದಳು, ಮಣಿಕಟ್ಟು ಮುರಿಯಿತು. ಎದ್ದಳು, ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ಸೇತುವೆಯವರೆಗೆ ಹೋಗಿ ಬಂದಳು, ಆಮೇಲೆ ಆಸ್ಪತ್ರೆಗೆ ಹೋದಳು.

"ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂತೀಯಾ?" ಎಂದೆ ನಾನು, ಅವಳ ಕೈಯ ಪ್ಲಾಸ್ಟರ್ ನೋಡಿ.

"ಮಣ್ಣಾಯ್ತು ಎಜೆ. ತೊಳ್ಕೊಂಡೆ."

ಆ ಭಾನುವಾರ ನಮ್ಮವರು ಎಲ್ಲರನ್ನೂ ಊಟಕ್ಕೆ ಕೂರಿಸಿದರು. ಮಾಂಸ ಬೆಂದಿತ್ತು, ರೊಟ್ಟಿ ಮುರಿದು ಹರಡಿತ್ತು. ಅಪಾ ಮೇಲಿನ ಜಾಗದಲ್ಲಿ ಜಪಮಣಿ ಹಿಡಿದು ಕೂತಿದ್ದರು. ನಮ್ಮವರು ಗಂಟಲು ಸರಿಮಾಡಿಕೊಂಡರು. ಹಾಗೆ ಮಾಡಿದರೆಂದರೆ ಯಾರಿಗೋ ಕಾದಿದೆ ಎಂದೇ ಅರ್ಥ.

"ನಾನು ಈ ಮನೆಗೆ ದೊಡ್ಡವನು. ಇಷ್ಟು ದಿನ ಸುಮ್ನಿದ್ದೆ. ಊರವರು ನನ್ ಮುಖ ನೋಡಿ ನಗ್ತಾರೆ. ನಗ್ಲಿ, ಸಹಿಸ್ಕೋತೀನಿ. ಆದ್ರೆ ನಾಳೆ ಇವಳು ತಲೆ ಒಡ್ಕೊಂಡ್ರೆ ಅಪಾನ ನೋಡ್ಕೊಳೋರು ಯಾರು? ಇವತ್ತಿಂದ ಓಟ ಸಾಕು."

ಎಸೆನ್ ತಟ್ಟೆ ನೋಡಿದ. ನಾನು ಕುಮುಷಾಯಳ ಮುಖ ನೋಡಿದೆ. ಅವಳು ಒಳ್ಳೆಯ ಕೈಯನ್ನು ಚಾಚಿ ಒಂದು ತುಂಡು ರೊಟ್ಟಿ ಎತ್ತಿಕೊಂಡಳು.

"ಬೈಕೆ," ಎಂದಳು. ಭಾವನನ್ನು ಅವಳು ಯಾವತ್ತೂ ಹೆಸರು ಹಿಡಿದಿಲ್ಲ, ಅಣ್ಣ ಅನ್ನುವಂತೆ ಬೈಕೆ ಎನ್ನುತ್ತಾಳೆ. "ಅಪಾನ ಒಂದ್ ದಿನ ಆದ್ರೂ ಉಪವಾಸ ಇಟ್ಟಿದ್ದೀನಾ? ಹಸು ಕರೆಯದೆ ಬಿಟ್ಟಿದ್ದೀನಾ? ಇಪ್ಪತ್ತೆರಡು ವರ್ಷ ನೀವು ಹೇಳಿದ ಹಾಗೆ ನಡೆದೆ. ನಡೆದೆ ಅಂದ್ರೆ ನಡೆದೆ, ಓಡ್ಲಿಲ್ಲ. ಈಗ ಬೆಳಿಗ್ಗೆ ಅರ್ಧ ಗಂಟೆ ನನಗೆ ಬೇಕು. ಅದನ್ನ ಕೇಳ್ತಿಲ್ಲ, ಹೇಳ್ತಿದ್ದೀನಿ."

"ಬಿದ್ದು ಸಾಯ್ತೀಯ!"

"ಬೀಳಲ್ಲ. ಈ ರೊಟ್ಟಿ ಮುಟ್ಟಿ ಹೇಳ್ತೀನಿ. ಮಾರ್ಚಿನ ನೊರೂಜ್ ಹಬ್ಬದವರೆಗೂ ಒಂದು ದಿನಾನೂ ತಪ್ಪದೆ ಓಡ್ತೀನಿ. ಒಂದು ಸಲ ಬಿದ್ರೂ ಮತ್ತೆ ಯಾವತ್ತೂ ಓಡಲ್ಲ, ಬೂಟು ನೀವೇ ತಗೊಂಡ್ ಹೋಗಿ. ಬೀಳ್ಲಿಲ್ವೋ, ನನ್ ಓಟದ ಮಾತು ಈ ಮನೇಲಿ ಯಾರೂ ಎತ್ತಬಾರದು."

ರೊಟ್ಟಿ ಮುಟ್ಟಿದ ಆಣೆ ನಮ್ಮಲ್ಲಿ ಹುಡುಗಾಟವಲ್ಲ. ನಮ್ಮವರು ನಕ್ಕು, ತಾವೂ ರೊಟ್ಟಿ ಮುಟ್ಟಿದರು. ಅವರ ಲೆಕ್ಕದಲ್ಲಿ ಅವಳು ವಾರ ದಾಟುವುದಿಲ್ಲ. ಅಪಾನ ಕೈಯಲ್ಲಿ ಜಪಮಣಿ ನಿಂತಿತ್ತು.

ಅವತ್ತಿನಿಂದ ಬೇಲಿಯ ಕಿಂಡಿಯಲ್ಲಿ ನನಗೆ ನಾಟಕವೇ ನಾಟಕ. ಮೊದಲು ಎಸೆನ್ ಅವಳ ಬೂಟಿನ ಅಡಿಗೆ ಮೊಳೆ ಹೊಡೆದ, ಚಳಿಗಾಲದಲ್ಲಿ ಕುದುರೆಯ ಲಾಳಕ್ಕೆ ಹಾಕುವ ಅದೇ ಚೂಪು ಮೊಳೆ. ಊರಿಗೆ ಹಬ್ಬವಾಯಿತು.

"ಎಸೆನ್, ಲಗಾಮು ಯಾವಾಗ ಹಾಕ್ತೀಯಪ್ಪಾ?" ಎಂದು ಗಂಡಸರು ಕೂಗಿದರು.

"ಒದೆಯೋ ಕುದುರೆಗೆ ಲಗಾಮು ಹಾಕಕ್ಕೆ ಹತ್ರ ಹೋಗೋದು ಯಾರು? ನೀನು ಬರ್ತೀಯಾ?" ಎಂದ ಎಸೆನ್. ಆ ವರ್ಷ ಅವನು ಆಡಿದ ಅತಿ ಉದ್ದನೆಯ ಮಾತು ಅದು.

ಮೊಳೆ ಕೆಲವು ದಿನ ಹಿಡಿಯಿತು. ಆಮೇಲೆ ಸೇತುವೆಯ ಜಲ್ಲಿ ತುಳಿದು ತುಳಿದು ತುದಿ ಸವೆದವು. ಸವೆದ ಮೊಳೆ ಇರುವುದಕ್ಕಿಂತ ಇಲ್ಲದಿರುವುದೇ ಮೇಲು, ಕಬ್ಬಿಣದ ಗುಂಡುಗಳ ಮೇಲೆ ನಿಂತ ಹಾಗೆ. ಒಂದು ಬೆಳಿಗ್ಗೆ ಎರಡು ಕಾಲೂ ಒಟ್ಟಿಗೆ ಹೊರಟವು. ಬೀಳುವುದಕ್ಕೆ ಕೂದಲೆಳೆಯಷ್ಟು ಇರುವಾಗ ನಲ್ಲಿಯ ಕಬ್ಬಿಣದ ಕಂಬವನ್ನು ಪ್ಲಾಸ್ಟರಿಲ್ಲದ ಬರಿಗೈಯಲ್ಲಿ ತಬ್ಬಿಕೊಂಡಳು. ಬೀಳಲಿಲ್ಲ. ಅಂಗೈಯ ಚರ್ಮ ಮಾತ್ರ ಕಂಬಕ್ಕೆ ಅಂಟಿಕೊಂಡು ಅಲ್ಲೇ ಉಳಿಯಿತು. ಕಲಿಪಾ ಬೆಚ್ಚಗಿನ ನೀರು ತಂದು ಹೊಯ್ಯುವವರೆಗೆ ಕಾಯುವಷ್ಟು ತಾಳ್ಮೆ ಅವಳಿಗಿರಲಿಲ್ಲ, ಎಳೆದುಕೊಂಡಳು.

"ಬಿದ್ಲು, ಬಿದ್ಲು!" ಎಂದು ಯಾರೋ ಕೂಗಿದರು.

"ಎಲ್ಲಿ ಬಿದ್ದೆ? ನಿಂತಿಲ್ವಾ?" ಎಂದು ರಕ್ತದ ಕೈ ತೋರಿಸಿ ಓಡಿಹೋದಳು.

ಆಮೇಲೆ ಉಪ್ಪು. ದನಗಳಿಗೆ ನೆಕ್ಕಲು ತರುವ ಉಪ್ಪಿನ ಗಡ್ಡೆಯನ್ನು ಸುತ್ತಿಗೆಯಿಂದ ಪುಡಿ ಮಾಡಿ ಇಳಿಜಾರಿಗೆ ಚೆಲ್ಲಿದಳು. ಆ ಚಳಿಗೆ ಉಪ್ಪು ಏನು ಮಾಡೀತು, ಮಂಜುಗಡ್ಡೆ ಕರಗಲಿಲ್ಲ. ಆದರೆ ಊರಿನ ದನ ಕುರಿಗಳಿಗೆ ವಾಸನೆ ಹತ್ತಿತು. ಬೆಳಗಾಗುವಷ್ಟರಲ್ಲಿ ಇಳಿಜಾರಿನ ತುಂಬ ಕುರಿ, ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಚಾಚಿ ಬಿದ್ದುಕೊಂಡು ರಸ್ತೆ ನೆಕ್ಕುತ್ತಿದ್ದ ಎರಡು ಹಸು. ಒಂದು ಹಸು ನಮ್ಮದೇ. ಅದನ್ನು ಹಗ್ಗ ಕಟ್ಟಿ ಎಳೆದು ಮೇಲೆ ತರುವಷ್ಟರಲ್ಲಿ ನಮ್ಮವರ ಬಾಯಿಂದ ಬಂದ ಮಾತುಗಳನ್ನು ಬರೆಯುವ ಹಾಗಿಲ್ಲ. ಕುಮುಷಾಯ್ ಕುರಿಗಳ ಬೆನ್ನು ಹಿಡಿದುಕೊಂಡು ಒಂದರಿಂದ ಇನ್ನೊಂದಕ್ಕೆ ದಾಟಿಕೊಂಡು ಇಳಿಜಾರು ಮುಗಿಸಿದಳು. ಅವತ್ತೂ ಬೀಳಲಿಲ್ಲ.

ಇನ್ನೊಂದು ಉಪಾಯ ಎಲ್ಲರ ಮನೆಯ ಒಲೆಯಲ್ಲೇ ಇತ್ತು. ಅದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಬೂದಿ. ಚಳಿಗಾಲದಲ್ಲಿ ಒಂದೊಂದು ಮನೆಯಿಂದಲೂ ದಿನಕ್ಕೆ ಬಕೆಟ್ಟುಗಟ್ಟಲೆ ಕಲ್ಲಿದ್ದಲಿನ ಬೂದಿ, ಬೆರಣಿಯ ಬೂದಿ. ಬೇರೆ ಊರುಗಳಲ್ಲಿ ಎರಚುತ್ತಾರಂತೆ, ಎರಚಲಿ. ನಮ್ಮ ಕೇರಿಯಲ್ಲಿ ಬೂದಿಯನ್ನು ಯಾರೂ ತುಳಿಯುವುದಿಲ್ಲ. ಅದು ಒಲೆಯ ಮಿಕ್ಕ ಉಸಿರು, ಮನೆಯ ಭಾಗ್ಯ ಅದರಲ್ಲಿರುತ್ತದೆ, ತುಳಿದರೆ ಮನೆಗೆ ಕೇಡು. ಹೊತ್ತು ಮುಳುಗುವುದರೊಳಗೆ ಕೊಟ್ಟಿಗೆಯ ಹಿಂದೆ, ಮನುಷ್ಯರ ಹೆಜ್ಜೆ ಬೀಳದ ಕಡೆ, ಒಂದು ಚಿಟಿಕೆಯೂ ದಾರಿಯಲ್ಲಿ ಚೆಲ್ಲದಂತೆ ಒಯ್ದು ಸುರಿಯಬೇಕು. ಸೊಸೆ ಮನೆಗೆ ಬಂದ ದಿನವೇ ಕಲಿಯುವ ಪಾಠ ಇದು. ನನಗೂ ಕುಮುಷಾಯಳಿಗೂ ಕಲಿಸಿದ್ದು ಬಾತ್ಮಾ ಅಪಾ.

ಫೆಬ್ರವರಿಯ ಆ ಬೆಳಿಗ್ಗೆ ಅವಳು ಬಕೆಟ್ಟು ಹಿಡಿದು ಕೊಟ್ಟಿಗೆಯ ಕಡೆ ಹೋಗದೆ ಬೀದಿಯ ಕಡೆ ತಿರುಗಿದ್ದನ್ನು ಕಿಂಡಿಯಿಂದ ನಾನೇ ನೋಡಿದೆ.

"ಏನದು ಕೈಯಲ್ಲಿ?"

"ನೀನು ನೋಡಿದ್ದೇ, ಎಜೆ."

"ಬೇಡ ಕಣೇ! ಊರು ಹೊತ್ತಿ ಉರಿಯುತ್ತೆ."

"ಉರೀಲಿ. ಆ ಬೂದಿನೂ ತಂದು ಎರಚ್ತೀನಿ."

ಇಳಿಜಾರಿನ ಉದ್ದಕ್ಕೂ ಒಂದು ಮೊಳ ಅಗಲದ ಬೂದಿಯ ಪಟ್ಟಿ ಎಳೆದಳು, ಅದರ ಮೇಲೆ ಓಡಿದಳು. ಗಟ್ಟಿನೆಲದ ಮೇಲೆ ಓಡಿದಷ್ಟೇ ಸಲೀಸು. ನೀರಿಗೆ ಬಂದ ಹೆಂಗಸರು ಬಕೆಟ್ಟು ಕೆಳಗಿಟ್ಟು ಕಾಲರ್ ಹಿಡಿದುಕೊಂಡು ಉಗುಳಿದರು, ದೃಷ್ಟಿ ತಾಗಬಾರದೆಂದು. ಅವತ್ತಿನಿಂದ ನಮ್ಮೂರಲ್ಲಿ ಒಂದು ಹೊಸ ದೃಶ್ಯ. ನಡುವೆ ಬೂದಿಯ ದಾರಿ, ಅಚ್ಚುಕಟ್ಟಾಗಿ, ಬೀಳುವ ಭಯವೇ ಇಲ್ಲದ್ದು. ಅದರ ಎರಡೂ ಪಕ್ಕ ಬರೀ ಮಂಜುಗಡ್ಡೆ. ಜನರೆಲ್ಲ ಬೂದಿ ತುಳಿಯಬಾರದೆಂದು ಮಂಜುಗಡ್ಡೆಯ ಮೇಲೆ ಹೋಗುವವರು! ಕಲಿಪಾ ಎರಡು ಬಕೆಟ್ಟಿನ ಸಮೇತ ಅಲ್ಲೇ ಜಾರಿ, ಮೈಯೆಲ್ಲ ನೀರಾಗಿ, ಮಲಗಿದಲ್ಲಿಂದಲೇ ಕಿರುಚಿದಳು:

"ನೋಡ್ರೇ, ಬೂದಿ ಶಾಪ ತಟ್ತು!"

"ಬೂದಿ ಮೇಲೆ ಬಂದಿದ್ರೆ ಬೀಳ್ತಿದ್ದೆಯೇನೇ, ಮೂಳಿ?" ಎಂದು ಕೈಕೊಟ್ಟು ಎಬ್ಬಿಸಿದೆ. ನನ್ನ ನಾಲಿಗೆಗೆ ಎಲುಬಿಲ್ಲ. ಆದರೆ ಅವತ್ತಿನವರೆಗೆ ನಾನೂ ಬೂದಿ ತುಳಿದಿರಲಿಲ್ಲ, ಪಕ್ಕದಲ್ಲೇ ತೆವಳುತ್ತಿದ್ದೆ.

ಎಲ್ಲರೂ ಅಪಾ ಏನಾದರೂ ಹೇಳಲಿ ಎಂದು ಕಾದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ, ನಮ್ಮ ಅಪಾನ ಕಾಲ ಇನ್ನೂ ಮುಗಿದಿರಲಿಲ್ಲ. ಅವರು ಒಂದು ಮಾತು ಅಂದಿದ್ದರೆ ಕುಮುಷಾಯ್ ಬಕೆಟ್ಟು ಇಟ್ಟುಬಿಡುತ್ತಿದ್ದಳು. ಅಪಾ ಅನ್ನಲಿಲ್ಲ. ಒಲೆಯ ಪಕ್ಕ ಕೂತು, ಸೊಸೆ ಬೂದಿ ತೋಡುವುದನ್ನು ದಿನವೂ ನೋಡಿದರು. ಸಿಟ್ಟಿಗೆ ಮಾತು ಬಿಟ್ಟಿದ್ದಾರೆ ಎಂದು ನಾವೆಲ್ಲ ತಿಳಿದೆವು. ನಮ್ಮವರಂತೂ ಅದನ್ನೇ ಹಿಡಿದುಕೊಂಡರು.

"ಅಪಾ ಅನ್ನ ನೀರು ಸರಿಯಾಗಿ ಮುಟ್ತಿಲ್ಲ. ಬೂದಿ ತುಳಿಸ್ಕೊಂಡ ಮನೆ ಉದ್ಧಾರ ಆಗುತ್ತಾ? ನಾನು ದೊಡ್ಡವನಾಗಿ ಇದನ್ನ ನೋಡ್ಕೊಂಡು ಇರಬೇಕಾ?"

ಸಂಜೆ ಅವರೇ ಇಳಿಜಾರಿಗೆ ಹೋದರು. ಬೂದಿಯನ್ನು ಪೊರಕೆಯಿಂದ ಗುಡಿಸುವುದೂ ಅಪಚಾರವಂತೆ. ಆದ್ದರಿಂದ ನಲ್ಲಿಯಿಂದ ಬಕೆಟ್ಟು ಬಕೆಟ್ಟು ನೀರು ಹಿಡಿದು, 'ಬಿಸ್ಮಿಲ್ಲಾ' ಎಂದು ಮರ್ಯಾದೆಯಿಂದ ತೊಳೆದರು.

"ಏನ್ ಮಾಡ್ತಿದ್ದೀರಿ?" ಎಂದೆ. "ಬೆಳಿಗ್ಗೆಗೆ ಇದು ಗಾಜಾಗುತ್ತೆ. ಊರಿಗೆ ಊರೇ ಬೀಳುತ್ತೆ!"

"ಬಿದ್ರೆ ಬೀಳ್ಲಿ, ಪಾಪ ಹತ್ತಲ್ಲ. ನೀನು ಬಾಯಿ ಮುಚ್ಚು."

ಬಾಯಿ ಮುಚ್ಚುವುದು ನನಗೆ ಬರುವುದಿಲ್ಲ. ನೇರ ಕಿಂಡಿಗೆ ಹೋಗಿ ಹೇಳಿದೆ.

"ಗೊತ್ತು, ಎಜೆ. ನೋಡ್ದೆ," ಎಂದಳು ಕುಮುಷಾಯ್.

"ನಾಳೆ ಒಂದ್ ದಿನ ಮೈಗೆ ಹುಷಾರಿಲ್ಲ ಅಂತ ಮಲ್ಕೋ."

"ದಿನಾ ಓಡ್ತೀನಿ ಅಂತ ರೊಟ್ಟಿ ಮುಟ್ಟಿದ್ದೀನಿ. ಮತ್ತೆ ನಾಳೆ ಬಿಟ್ರೆ ನಾಡಿದ್ದೂ ಬಿಡಿಸ್ತಾರೆ. ನಿನಗೆ ಗೊತ್ತಿಲ್ವಾ ಇವರು?"

ಗೊತ್ತಿತ್ತು.

ಬೆಳಿಗ್ಗೆ ನಮ್ಮವರು ಅವಳಿಗಿಂತ ಮೊದಲೇ ಇಳಿಜಾರಿನ ತಲೆಯಲ್ಲಿ, ತುಪ್ಪಟದ ಟೋಪಿ ಹಾಕಿಕೊಂಡು ನಿಂತಿದ್ದರು. ನಲ್ಲಿಯ ಹತ್ತಿರ ಹೆಂಗಸರ ಸಾಲು, ಕಲಿಪಾ ಎಲ್ಲರಿಗಿಂತ ಮುಂದೆ. ನಾನೂ ಬಕೆಟ್ಟು ಹಿಡಿದು ಹೋಗಿ ನಮ್ಮವರ ಪಕ್ಕ ನಿಂತಿದ್ದೆ, ನೀರಿಗಲ್ಲ. ಕುಮುಷಾಯ್ ಬೂದಿಯ ಬಕೆಟ್ಟಿನೊಡನೆ ಬಂದಳು.

"ಬಕೆಟ್ ಕೆಳಗಿಡು," ಎಂದರು ನಮ್ಮವರು.

"ಬೈಕೆ, ದಾರಿ ಬಿಡಿ."

"ದಾರಿ ನಿನ್ನದೇ. ಓಡು, ಯಾರು ಬೇಡ ಅಂದ್ರು? ಬೂದಿ ಮಾತ್ರ ಈ ಮನೆಯದು. ಈ ಮನೆಗೆ ದೊಡ್ಡವನು ನಾನು. ಬೂದಿ ಕೆಳಗಿಡು."

ಅವಳು ಅವರ ಮುಖವನ್ನೇ ನೋಡಿದಳು. ಇಷ್ಟು ವರ್ಷದಲ್ಲಿ ಭಾವನ ಮುಖವನ್ನು ಅವಳು ಹಾಗೆ ಕಣ್ಣಿಗೆ ಕಣ್ಣಿಟ್ಟು ನೋಡಿದ್ದು ಅದೇ ಮೊದಲು. ಬಕೆಟ್ಟನ್ನು ಅವರ ಕಾಲ ಬುಡದಲ್ಲಿಟ್ಟಳು. ಮೂಗಿನ ಬಟ್ಟೆ ಬಿಗಿಮಾಡಿಕೊಂಡಳು. ಓಡಿದಳು.

ನಲ್ಲಿಯವರೆಗೆ ಹೋದಳು. ಅಲ್ಲಿವರೆಗೆ ಹೇಗೆ ಹೋದಳೋ ಆ ದೇವರಿಗೇ ಗೊತ್ತು, ಪುಟ್ಟ ಪುಟ್ಟ ಹೆಜ್ಜೆ, ಮೈ ಮುಂದಕ್ಕೆ ಬಾಗಿಸಿ. ನಲ್ಲಿ ದಾಟಿದ ಮೇಲೆ ಹೊಸ ನೀರು ಹೆಪ್ಪುಗಟ್ಟಿದ ಜಾಗ. ಎಡಗಾಲು ಹೋಯಿತು, ಬಲಗಾಲು ಹಿಂಬಾಲಿಸಿತು. ಸೊಂಟದ ಮೇಲೆ ಬಿದ್ದ ಸದ್ದು ನಮಗೆಲ್ಲ ಕೇಳಿಸಿತು. ಇಳಿಜಾರಿನ ಕೊನೆಯವರೆಗೆ ಜಾರಿಕೊಂಡೇ ಹೋದಳು.

ಯಾರೂ ನಗಲಿಲ್ಲ. ಕಲಿಪಾ ಕೂಡ ನಗಲಿಲ್ಲ.

ಎದ್ದು ಕೂತಳು. ಆಮೇಲೆ ಬೂಟಿನ ದಾರಕ್ಕೆ ಕೈಹಾಕಿದಳು. ಒಂದು ಬೂಟು ಬಿಚ್ಚಿದಳು, ಇನ್ನೊಂದು ಬಿಚ್ಚಿದಳು, ಎರಡನ್ನೂ ಪಕ್ಕಕ್ಕಿಟ್ಟು ಉಣ್ಣೆಯ ಕಾಲುಚೀಲದಲ್ಲೇ ಮಂಜುಗಡ್ಡೆಯ ಮೇಲೆ ಎದ್ದು ನಿಂತಳು. ಅಳಲಿಲ್ಲ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ರೋಷ ಬಂತು. ಬಕೆಟ್ಟನ್ನು ನಮ್ಮವರ ಟೋಪಿಯ ಮೇಲೆ ಕವುಚೋಣ ಅನ್ನಿಸಿತು. ಕವುಚುತ್ತಿದ್ದೆನೋ ಏನೋ, ಅಷ್ಟರಲ್ಲಿ ನನ್ನ ಹಿಂದಿನಿಂದ ಕೋಲಿನ ಸದ್ದು ಬಂತು.

ಬಾತ್ಮಾ ಅಪಾ. ಎಂಬತ್ತರ ಹತ್ತಿರದ ಮುದುಕಿ, ಕಂಬಳಿ ಬೂಟು ಹಾಕಿಕೊಂಡು, ಎಸೆನ್‌ನ ತೋಳು ಹಿಡಿದು ಬಂದು ಇಳಿಜಾರಿನ ತಲೆಯಲ್ಲಿ ನಿಂತರು. ಉಸಿರು ತೆಗೆದುಕೊಂಡು ಕೆಳಗೆ ಕೂಗಿದರು:

"ಏ ಹುಡುಗಿ! ಯಾಕೆ ಬೂಟ್ ಬಿಚ್ಚಿದ್ದೀಯ?"

"ಆಣೆ ಇಟ್ಟಿದ್ದೆ, ಅಪಾ. ಬಿದ್ದೆ."

"ಯಾರ ಮುಂದೆ ಇಟ್ಟೆ ಆಣೆ?"

"ಮನೆಗೆ ದೊಡ್ಡವರ ಮುಂದೆ."

ಅಪಾ ನಮ್ಮವರ ಕಡೆ ತಿರುಗಿದರು.

"ನೀನು ದೊಡ್ಡವನು ಅಂತ ಯಾರಪ್ಪಾ ಹೇಳಿದ್ದು ನಿನಗೆ?"

"ಅಪಾ, ಏನ್ ಮಾತು ಇದು? ನಿನ್ ಹಿರೀಮಗ ನಾನಲ್ವಾ?"

"ಅಲ್ಲ."

ನಲ್ಲಿಯಿಂದ ನೀರು ಯಾರದ್ದೋ ಬಕೆಟ್ಟಿಗೆ ಬೀಳುತ್ತಿತ್ತು. ಆ ಹೆಂಗಸು ನಲ್ಲಿ ನಿಲ್ಲಿಸಿದಳು.

"ನಿನಗಿಂತ ಮೊದಲು ಒಬ್ಬ ಇದ್ದ," ಎಂದರು ಅಪಾ. "ಏಳು ತಿಂಗಳು ನನ್ ಹೊಟ್ಟೇಲಿದ್ದ. ಆಗ ಕೇರಿಯ ಬೂದಿಗುಡ್ಡೆ ಈ ಇಳಿಜಾರಿನ ಕೆಳಗಿತ್ತು. ನಾನು ಬೂದಿ ಬಕೆಟ್ ಹಿಡ್ಕೊಂಡು ಇಳೀತಿದ್ದೆ, ಇವಳು ಜಾರಿದ್ಳಲ್ಲ, ಅಲ್ಲೇ ಜಾರ್ದೆ. ಬಕೆಟ್ ಬಿಟ್ಟು ಕೈಯೂರಿದ್ರೆ ಆಗ್ತಿತ್ತು. ಬಿಡ್ಲಿಲ್ಲ. ಬೂದಿ ದಾರಿಗೆ ಚೆಲ್ಲಿದ್ರೆ ಯಾರಾದ್ರೂ ತುಳೀತಾರೆ, ಮನೆಗೆ ಕೇಡು ಅಂತ ಎರಡೂ ಕೈಯಲ್ಲಿ ಬಕೆಟ್ ಎತ್ತಿ ಹಿಡ್ಕೊಂಡೆ. ಹೊಟ್ಟೆ ಅಡಿಯಾಗಿ ಬಿದ್ದೆ. ಒಂದು ಚಿಟಿಕೆ ಚೆಲ್ಲಲಿಲ್ಲ. ನಮ್ಮತ್ತೆ ಊರಿಗೆಲ್ಲ ಹೇಳ್ಕೊಂಡು ಬಂದ್ಳು, ನನ್ ಸೊಸೆ ಎಂಥಾ ಸೊಸೆ, ಬಿದ್ರೂ ಬೂದಿ ಚೆಲ್ಲಲಿಲ್ಲ ಅಂತ. ಮೂರನೇ ದಿನ ಮಗು ಹೋಯ್ತು. ಗಂಡು."

"ಅಪಾ..." ಎಂದರು ನಮ್ಮವರು. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು, ಆ ಚಳಿಯಲ್ಲಿ. "ಯಾಕೆ ಒಂದು ದಿನಾನೂ ಹೇಳ್ಲಿಲ್ಲ?"

"ಹೆಸರಿಡದೆ ಹೋದವನ ಮಾತು ಎತ್ತಬೇಡ ಅಂದ್ರು. ಎತ್ತಲಿಲ್ಲ. ಸೊಸೆಗೆ ಬೂದಿ ಪಾಠ ಹೇಳ್ಕೊಡು ಅಂದ್ರು. ಇಬ್ಬರಿಗೂ ಹೇಳ್ಕೊಟ್ಟೆ. ಹೇಳಿದ್ದು ಕೇಳ್ಕೊಂಡೇ ಮುದುಕಿಯಾದೆ." ಕೋಲನ್ನು ನೆಲಕ್ಕೆ ಕುಟ್ಟಿದರು. "ಇವಳು ಆಣೆ ಇಟ್ಟಿದ್ದು ಮನೆಗೆ ದೊಡ್ಡವನ ಮುಂದೆ ತಾನೆ? ದೊಡ್ಡವನು ಬಂದು ಕೇಳ್ಲಿ. ಅವನು ಬರೋವರೆಗೂ ಇವಳು ಓಡ್ತಾಳೆ."

ನಮ್ಮವರು ಕೈಯಲ್ಲಿದ್ದ ಟೋಪಿಯನ್ನು ತಿರುಗಿಸುತ್ತಾ ಕೆಳಗೆ ಇಳಿಜಾರನ್ನು ನೋಡಿದರು. ಆ ಹೊತ್ತಿಗೆ ನನಗೆ ಅವರ ಮೇಲಿನ ಸಿಟ್ಟು ಇಳಿದುಹೋಯಿತು, ಪಾಪ ಅನ್ನಿಸಿತು.

"ನೀನೇನು ನೋಡ್ತಾ ನಿಂತಿದ್ದೀಯ?" ಅಪಾ ನನ್ನನ್ನು ಗದರಿದರು. "ಆ ಬಕೆಟ್ ತಾ."

ತಂದುಕೊಟ್ಟೆ. ಅಪಾ ಬಗ್ಗಲಾರದೆ ಬಗ್ಗಿ ಮುಷ್ಟಿ ತುಂಬ ಬೂದಿ ತೆಗೆದು ಮುಂದಕ್ಕೆ ಎರಚಿದರು. ಅದರ ಮೇಲೆ ಕಾಲಿಟ್ಟರು. ಇನ್ನೊಂದು ಮುಷ್ಟಿ, ಇನ್ನೊಂದು ಹೆಜ್ಜೆ. ನಾನು ಬಕೆಟ್ಟು ಹಿಡಿದು ಪಕ್ಕದಲ್ಲಿ ಇಳಿದೆ. ನಾನೂ ಬೂದಿ ತುಳಿದೇ ಇಳಿದೆ, ಭೂಮಿ ಬಾಯಿ ಬಿಡಲಿಲ್ಲ. ನಲ್ಲಿ ದಾಟಿ ಆ ಜಾಗಕ್ಕೆ ಬಂದಾಗ ಅಪಾ ನಿಂತರು, ಮಿಕ್ಕ ಬೂದಿಯನ್ನೆಲ್ಲ ಅಲ್ಲೇ ಸುರಿಸಿದರು. ನಮ್ಮವರು ಮೇಲಿನಿಂದ ಇಳಿದು 'ಬೀಳ್ತೀಯ ಅಪಾ' ಎಂದು ತೋಳು ಕೊಟ್ಟರು. ತೋಳು ಕೊಡಬೇಕೆಂದರೆ ಬೂದಿಯ ಮೇಲೆ ನಿಲ್ಲಲೇಬೇಕಿತ್ತು. ನಿಂತರು.

ಕುಮುಷಾಯ್ ಅಳುತ್ತಿದ್ದಳು.

"ಅಳೋದಿದ್ರೆ ಬೂಟ್ ಹಾಕ್ಕೊಂಡು ಅಳು," ಎಂದರು ಅಪಾ. "ಕಾಲು ಸೆಟೆದು ಹೋದ್ರೆ ನಾಳೆ ಯಾವ ಕಾಲಲ್ಲಿ ಓಡ್ತೀಯ? ಇವತ್ತಿನ ಸೇತುವೆ ಇನ್ನೂ ಬಾಕಿ ಇಲ್ವಾ?"

ಕುಂಟುತ್ತಲೇ ಹೋಗಿ ಬಂದಳು. ಸೊಂಟದ ಮೇಲೆ ಬದನೆಕಾಯಿ ಬಣ್ಣದ ಗಾಯ ಒಂದು ತಿಂಗಳಿತ್ತು.

ಈಗಲೂ ಓಡುತ್ತಾಳೆ. ಈ ಚಳಿಗಾಲದಲ್ಲೂ ಬಿದ್ದಿದ್ದಾಳೆ, ಒಮ್ಮೆ ಸೇತುವೆಯ ಆಚೆ, ಒಮ್ಮೆ ಕಲಿಪಾಳ ಮನೆಯ ಮುಂದೆಯೇ. ಬಿದ್ದಾಗ ಎದ್ದು ಓಡುತ್ತಾಳೆ, ಅದನ್ನು ಯಾರೂ ಈಗ ಸುದ್ದಿ ಅನ್ನುವುದಿಲ್ಲ. ಇಳಿಜಾರಿಗೆ ಬೆಳಿಗ್ಗೆ ನನ್ನ ಒಲೆಯ ಬೂದಿಯೂ ಬೀಳುತ್ತದೆ, ಬೇರೆ ಕೆಲವು ಮನೆಗಳದ್ದೂ ಬೀಳುತ್ತದೆ. ಎಲ್ಲರದ್ದೂ ಅಲ್ಲ. ಈಗಲೂ ಕೆಲವರು ಬೂದಿ ಬಿಟ್ಟು ಮಂಜುಗಡ್ಡೆಯ ಮೇಲೆಯೇ ಹೋಗುತ್ತಾರೆ, ಹೋಗಲಿ, ಅವರವರ ಸೊಂಟ ಅವರವರದು.

ಮೊನ್ನೆ ಹೊಸದಾಗಿ ಬಂದ ಸೊಸೆಯೊಬ್ಬಳು ನಲ್ಲಿಯ ಹತ್ತಿರ ನನ್ನನ್ನು ತಡೆದು ಕೇಳಿದಳು, ಹೊಟ್ಟೆ ಮುಂದೆ ಬಂದಿತ್ತು, ಕೈಯಲ್ಲಿ ಎರಡು ತುಂಬಿದ ಬಕೆಟ್ಟು. "ನಮ್ಮತ್ತೆ ಬೂದಿ ತುಳೀಬೇಡ ಅಂತಾರೆ, ಎಜೆ. ತುಳಿದ್ರೆ ಮನೆಗೆ ಕೇಡಂತೆ. ನಿಮ್ಮನೆಗೆ ಏನೂ ಆಗ್ಲಿಲ್ವಾ?"

ಅವಳ ಕೈಯಿಂದ ಒಂದು ಬಕೆಟ್ಟು ಇಸಿದುಕೊಂಡೆ.

"ನಮ್ಮನೆಗೆ ಕೇಡು ಬಂದಿತ್ತು ಕಣಮ್ಮಾ," ಎಂದೆ. "ಯಾರೂ ಬೂದಿ ತುಳಿಯದೆ ಇದ್ದಾಗ."